ಹೊಸ ಡಬ್ಬಿ, ಹಳೇ ಫೋನು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಆನ್‌ಲೈನ್ ಹರಾಜಿನಲ್ಲಿ ರಿಫರ್ಬಿಶ್ಡ್ ಫೋನ್, ಅಂದರೆ ಹಳೇದನ್ನು ಸರಿಮಾಡಿ ಮತ್ತೆ ಮಾರೋ ಫೋನ್, ಕೊಳ್ಳೋ ಬಗ್ಗೆ ಹೋದ ಸಲ ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಪತ್ರಗಳ ರಾಶಿ ಬಿದ್ದಿದೆ. ಅರ್ಧ ಜನ ಕೊಳ್ಳೋಕೆ ಮುಂಚೆ ಕೇಳಿದ್ದಾರೆ, ಇನ್ನರ್ಧ ಜನ ಕೊಂಡು ಕೈ ಸುಟ್ಟುಕೊಂಡ ಮೇಲೆ. ಎರಡನೇ ಗುಂಪಿನಲ್ಲಿ ನಾನೂ ಒಬ್ಬ, ಹಾಗಾಗಿ ಯಾರೂ ಸಂಕೋಚ ಪಡಬೇಡಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮಾಡೆಲ್ ಒಂದೇ. ಒಬ್ಬ ಸೆಲ್ಲರ್ ‘ಸರ್ಟಿಫೈಡ್ ರಿಫರ್ಬಿಶ್ಡ್’ ಅಂತಾನೆ, ಇನ್ನೊಬ್ಬ ‘ಸೆಲ್ಲರ್ ರಿಫರ್ಬಿಶ್ಡ್’ ಅಂತಾನೆ, ಮತ್ತೊಬ್ಬ ‘ಗ್ರೇಡ್ ಎ’ ಅಂತಾನೆ. ಬೆಲೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ. ಯಾರನ್ನು ನಂಬೋದು ಸರ್?

ರಿಫರ್ಬಿಶ್ಡ್ ಅನ್ನೋ ಪದಕ್ಕೆ ಎಲ್ಲರೂ ಒಪ್ಪಿದ ಅಳತೆ ಅಂತ ಒಂದಿಲ್ಲ. ಬಿಚ್ಚಿ, ಬ್ಯಾಟರಿ ಬದಲಿಸಿ, ಮೈಕಿನಿಂದ ಕ್ಯಾಮೆರಾವರೆಗೆ ಎಲ್ಲ ಪರೀಕ್ಷಿಸಿ, ವಾರಂಟಿ ಕೊಟ್ಟು ಮಾರೋದೂ ರಿಫರ್ಬಿಶ್ಡ್. ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾಕ್ಟರಿ ರೀಸೆಟ್ ಮಾಡಿ, ಹೆಸರಿಲ್ಲದ ಬಿಳಿ ಡಬ್ಬಿಗೆ ಹಾಕಿ ಕಳಿಸೋದೂ ರಿಫರ್ಬಿಶ್ಡ್. ಎರಡಕ್ಕೂ ಒಂದೇ ಹೆಸರು.

ನಿಜವಾದ ರಿಫರ್ಬಿಶ್ಡ್ ಹೇಗಿರುತ್ತೆ ಅನ್ನೋದಕ್ಕೆ ನನಗೆ ಇಷ್ಟವಾದ ಒಂದು ಉದಾಹರಣೆ ಇದೆ. 2016ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7 ಫೋನುಗಳ ಬ್ಯಾಟರಿ ಬೆಂಕಿ ಹತ್ತಿಕೊಂಡು, ಕಂಪನಿ ಅಷ್ಟೂ ಫೋನು ವಾಪಸ್ ಕರೆಸಿಕೊಂಡಿದ್ದು ನೆನಪಿದೆಯಲ್ವಾ? ಮಾರದೆ ಉಳಿದ ಫೋನು, ಬಿಡಿಭಾಗಗಳು ಕಸಕ್ಕೆ ಹೋಗಲಿಲ್ಲ. 2017ರ ಜುಲೈಯಲ್ಲಿ ದಕ್ಷಿಣ ಕೊರಿಯಾದಲ್ಲಿ ‘ನೋಟ್ ಫ್ಯಾನ್ ಎಡಿಷನ್’ ಅನ್ನೋ ಹೆಸರಲ್ಲಿ ಮತ್ತೆ ಮಾರಾಟಕ್ಕೆ ಬಂದವು. 3500 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಬ್ಯಾಟರಿ ಇದ್ದ ಜಾಗದಲ್ಲಿ 3200ರದ್ದು ಕೂತಿತ್ತು. ಏನು ಬದಲಾಯಿತು, ಯಾಕೆ ಬದಲಾಯಿತು, ಯಾರು ಬದಲಾಯಿಸಿದರು ಅಂತ ಕೊಳ್ಳೋವನಿಗೆ ಗೊತ್ತಿತ್ತು. ನಿಮ್ಮ ಸೆಲ್ಲರ್ ಹತ್ತಿರ ಕೇಳಬೇಕಾಗಿರೋದೂ ಇಷ್ಟೇ. ಬ್ಯಾಟರಿ ಹಳೇದಾ, ಬದಲಿಸಿದ್ದಾ? ಬದಲಿಸಿದ್ದರೆ ಕಂಪನಿಯದ್ದಾ, ಬೇರೆಯದ್ದಾ? ಸ್ಕ್ರೀನ್ ಒರಿಜಿನಲ್ಲಾ? ಇಷ್ಟವಾಗದಿದ್ದರೆ ಎಷ್ಟು ದಿನದೊಳಗೆ ವಾಪಸ್ ಕಳಿಸಬಹುದು, ಸಾಗಣೆ ಖರ್ಚು ಯಾರದ್ದು? ಸೈಟ್‌ನ ಮೆಸೇಜ್‌ನಲ್ಲೇ ಕೇಳಿ, ಉತ್ತರ ದಾಖಲೆಯಲ್ಲಿ ಉಳಿಯುತ್ತೆ. ‘ಬ್ಯಾಟರಿ ಬದಲಿಸಿದ್ದೇವೆ, ಕಂಪನಿಯದ್ದಲ್ಲ, ಸ್ಕ್ರೀನ್ ಮಾತ್ರ ಮೊದಲಿನದೇ’ ಅಂತ ನೇರವಾಗಿ ಬರೆದವನ ಹತ್ತಿರ ನಾನು ಕೊಳ್ಳುತ್ತೇನೆ. ‘ಫೋನ್ ಸೂಪರ್ ಕಂಡೀಷನ್ ಬಾಸ್, ಟೆನ್ಷನ್ ಬೇಡ’ ಅಂದವನ ಹತ್ತಿರ ಇಲ್ಲ.

ಗ್ರೇಡ್ ಎ, ಬಿ, ಸಿ ಅನ್ನೋದೆಲ್ಲ ಹೆಚ್ಚಾಗಿ ಹೊರಮೈಗೆ ಕೊಟ್ಟ ಅಂಕ. ಗೀರು ಎಷ್ಟಿದೆ ಅಂತ ಹೇಳುತ್ತೆ, ಒಳಗೆ ಏನಾಗಿದೆ ಅಂತ ಹೇಳೋದಿಲ್ಲ. ನನ್ನನ್ನು ಕೇಳಿದರೆ ಗೀರಿರೋ ಗ್ರೇಡ್ ಸಿ ಫೋನಿಗೆ ಒಳ್ಳೇ ಬ್ಯಾಟರಿ ಇದ್ದರೆ ಅದೇ ವಾಸಿ. ಹೇಗೂ ಕವರ್ ಹಾಕ್ತೀರಲ್ಲ. ಈಬೇ ಥರದ ದೊಡ್ಡ ಸೈಟ್‌ನಲ್ಲಿ ‘ಸರ್ಟಿಫೈಡ್’, ‘ಎಕ್ಸಲೆಂಟ್’, ‘ವೆರಿ ಗುಡ್’, ‘ಗುಡ್’ ಅಂತ ರಿಫರ್ಬಿಶ್ಡ್ ದರ್ಜೆಗಳಿವೆ, ಅವನ್ನು ಸೈಟ್‌ನ ಒಪ್ಪಿಗೆ ಪಡೆದ ಸೆಲ್ಲರ್‌ಗಳು ಮಾತ್ರ ಬಳಸಬಹುದು. ಉಳಿದಂತೆ ಶೀರ್ಷಿಕೆಯಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಶೀರ್ಷಿಕೆ ನೋಡಬೇಡಿ, ಕೆಳಗೆ ಕಂಡೀಷನ್ ಅಂತ ಇರೋ ಸಣ್ಣ ಸಾಲು ನೋಡಿ.

ಐಫೋನ್ ಆದರೆ ಇನ್ನೊಂದು ಉಪಾಯ ಇದೆ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅಬೌಟ್‌ಗೆ ಹೋದರೆ ಮಾಡೆಲ್ ನಂಬರ್ ಕಾಣುತ್ತೆ. ಅದು ಎಂ ಅಕ್ಷರದಿಂದ ಶುರುವಾದರೆ ಹೊಸದಾಗಿ ಮಾರಾಟವಾಗಿದ್ದು, ಎಫ್ ಆದರೆ ಆಪಲ್ಲೇ ರಿಫರ್ಬಿಶ್ ಮಾಡಿದ್ದು, ಎನ್ ಆದರೆ ಕೆಟ್ಟ ಫೋನಿಗೆ ಬದಲಿಯಾಗಿ ಕೊಟ್ಟಿದ್ದು. ಆದರೆ ಈ ಅಕ್ಷರ ಹೇಳೋದು ಫೋನು ಆಪಲ್‌ನಿಂದ ಹೇಗೆ ಹೊರಬಂತು ಅಂತ ಮಾತ್ರ. ಆಮೇಲೆ ಯಾರ್ಯಾರು ಬಿಚ್ಚಿದರು ಅಂತ ಅಲ್ಲ. ಸೆಲ್ಲರ್ ಹತ್ತಿರ ಆ ಪುಟದ ಸ್ಕ್ರೀನ್‌ಶಾಟ್ ಕೇಳಿ, ಕೊಡದಿದ್ದರೆ ಮುಂದಿನ ಫೋನ್ ನೋಡಿ.

ಪ್ರಶ್ನೆ: ನಾನು ಮೂರು ದಿನ ಕಾದು ಬಿಡ್ ಮಾಡಿರುತ್ತೇನೆ, ಕೊನೇ ಹತ್ತು ಸೆಕೆಂಡಲ್ಲಿ ಯಾರೋ ಬಂದು ಎತ್ತಿಕೊಂಡು ಹೋಗ್ತಾರೆ. ಹೋದ ವಾರ ಸಿಟ್ಟು ಬಂದು ನಾನೂ ಏರಿಸಿದೆ, ಏರಿಸಿದೆ, ಗೆದ್ದೆ. ಆಮೇಲೆ ನೋಡಿದರೆ ಅದೇ ಫೋನು ಇನ್ನೊಂದು ಕಡೆ ಹರಾಜೇ ಇಲ್ಲದೆ ಕಡಿಮೆಗೆ ಸಿಗ್ತಿತ್ತು!

ಗೆದ್ದಿದ್ದಕ್ಕೆ ಅಭಿನಂದನೆ ಹೇಳಲಾ, ಸಾಂತ್ವನ ಹೇಳಲಾ ಗೊತ್ತಾಗ್ತಿಲ್ಲ.

ಊರ ಹರಾಜಿನಲ್ಲಿ ಹತ್ತು ಜನರ ಮುಂದೆ ಕೈ ಎತ್ತಿ ಕೂಗಿದ ಹಾಗಲ್ಲ ಇದು. ಹೆಚ್ಚಿನ ಹರಾಜು ಸೈಟ್‌ಗಳಲ್ಲಿ ನೀವು ಹಾಕೋದು ನಿಮ್ಮ ಗರಿಷ್ಠ ಮೊತ್ತ. ಅಷ್ಟನ್ನೂ ಕೊಡಬೇಕಾಗಿಲ್ಲ. ನಿಮ್ಮ ಗರಿಷ್ಠ ನೂರು ಅಂತಿಟ್ಟುಕೊಳ್ಳಿ, ನಿಮ್ಮ ನಂತರದವನ ಗರಿಷ್ಠ ಎಪ್ಪತ್ತು. ಸೈಟ್ ನಿಮ್ಮ ಪರವಾಗಿ ತಾನೇ ಕೂಗ್ತಾ ಹೋಗಿ ಎಪ್ಪತ್ತಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತೆ. ನೀವು ಕೊಡೋದು ಅಷ್ಟೇ. ಇಂಥ ಹರಾಜಿನಲ್ಲಿ ಮನಸ್ಸಿನಲ್ಲಿರೋ ನಿಜವಾದ ಬೆಲೆಯನ್ನೇ ಕೂಗೋದು ಲಾಭ ಅಂತ ವಿಲಿಯಂ ವಿಕ್ರಿ ಅನ್ನೋ ಅರ್ಥಶಾಸ್ತ್ರಜ್ಞರು 1961ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು, 1996ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಹೇಳಿದ್ದು ಒಬ್ಬರ ಬೆಲೆ ಇನ್ನೊಬ್ಬರಿಗೆ ಕಾಣದ, ಮುಚ್ಚಿದ ಲಕೋಟೆಯ ಹರಾಜಿಗೆ. ನಮ್ಮದು ತೆರೆದ ಹರಾಜು. ಇಲ್ಲಿ ಬೇಗ ಕೂಗಿದರೆ ಎದುರಿನವನಿಗೆ ಯೋಚಿಸೋಕೆ, ಸಿಟ್ಟು ಬರೋಕೆ, ಏರಿಸೋಕೆ ಸಮಯ ಸಿಗುತ್ತೆ. ನಿಮಗೆ ಆಗಿದ್ದೂ ಅದೇ ಅಲ್ವಾ?

ಅದಕ್ಕೇ ಕೊನೇ ಸೆಕೆಂಡಿನಲ್ಲಿ ಬರೋವನ ಮೇಲೆ ಸಿಟ್ಟಾಗಬೇಡಿ, ಅವನು ಮಾಡ್ತಿರೋದು ಜಾಣತನ. ನೀವೂ ಅದನ್ನೇ ಮಾಡಿ. ಮೊದಲು ‘ಮಾರಾಟವಾದವು’ ಅನ್ನೋ ಫಿಲ್ಟರ್ ಹಾಕಿ ಅದೇ ಮಾಡೆಲ್, ಅದೇ ಸ್ಟೋರೇಜ್ ಇರೋ ಫೋನುಗಳು ನಿಜವಾಗಿ ಎಷ್ಟಕ್ಕೆ ಹೋಗಿವೆ ಅಂತ ಹತ್ತಿಪ್ಪತ್ತು ನೋಡಿ. ಸೆಲ್ಲರ್ ಕೇಳ್ತಿರೋ ಬೆಲೆ ಲೆಕ್ಕಕ್ಕಿಲ್ಲ, ಯಾರೋ ಕೊಟ್ಟ ಬೆಲೆ ಮಾತ್ರ ಲೆಕ್ಕ. ಅದರಲ್ಲಿ ಹೊಸ ಬ್ಯಾಟರಿ ಹಾಕಿಸೋ ಖರ್ಚು ಕಳೆಯಿರಿ. ಉಳಿದದ್ದು ನಿಮ್ಮ ಗರಿಷ್ಠ. ಒಂದು ಚೀಟಿಯಲ್ಲಿ ಬರೆದಿಡಿ. ಕೊನೇ ಅರ್ಧ ನಿಮಿಷದಲ್ಲಿ ಒಂದೇ ಸಲ ಹಾಕಿ, ಫೋನ್ ಪಕ್ಕಕ್ಕಿಡಿ. ಸೋತರೆ ಸೋತಿರಿ. ಅದೇ ಫೋನು ನಾಳೆ ಇನ್ನೊಬ್ಬ ಮಾರ್ತಾನೆ, ಇದೇನು ಒಂದೇ ಒಂದು ಪ್ರತಿ ಇರೋ ತಾಳೆಗರಿಯಲ್ಲ. ಕೆಲವು ಸೈಟ್‌ಗಳು ಕೊನೇ ಗಳಿಗೆಯ ಬಿಡ್ ಬಂದರೆ ಸಮಯವನ್ನೇ ಮುಂದಕ್ಕೆ ಹಾಕುತ್ತವೆ, ಅಲ್ಲಿ ಈ ಆಟ ನಡೆಯಲ್ಲ, ಚೀಟಿ ಮಾತ್ರ ನಡೆಯುತ್ತೆ.

ಇನ್ನೊಂದು ಅನುಮಾನವನ್ನೂ ಇಟ್ಟುಕೊಂಡಿರಿ. ನಿಮ್ಮನ್ನು ಏರಿಸಿದವನು ನಿಜವಾದ ಗಿರಾಕಿಯೇ ಅಂತ ಏನು ಗ್ಯಾರಂಟಿ? ಸೆಲ್ಲರ್‌ನ ಗೆಳೆಯನೋ, ಅವನದೇ ಇನ್ನೊಂದು ಖಾತೆಯೋ ಆಗಿರಬಹುದು. ಸೈಟ್‌ಗಳಲ್ಲಿ ಇದಕ್ಕೆ ನಿಷೇಧ ಇದೆ, ಆದರೂ ಮಾಡೋವರು ಮಾಡ್ತಾರೆ. ಬಿಡ್ ಹಿಸ್ಟರಿ ತೆಗೆದು ನೋಡಿ. ಒಬ್ಬನೇ ಗಿರಾಕಿ ಒಬ್ಬನೇ ಸೆಲ್ಲರ್‌ನ ಮಾಲಿಗೆ ಪದೇ ಪದೇ ಕೂಗಿ, ಕೊನೆಗೆ ಯಾವಾಗಲೂ ‘ಸೋಲ್ತಾ’ ಇದ್ದರೆ ವಾಸನೆ ಬರಬೇಕು. ಹರಾಜು ಮುಗಿದ ಮೇಲೆ ‘ಗೆದ್ದವರು ಹಿಂದೆ ಸರಿದರು, ನಿಮ್ಮ ಕೊನೇ ಬಿಡ್‌ಗೆ ಕೊಡ್ತೀನಿ’ ಅಂತ ಮೆಸೇಜ್ ಬಂದರೂ ಅಷ್ಟೇ. ಕೆಲವೊಮ್ಮೆ ಅದು ನಿಜ. ಕೆಲವೊಮ್ಮೆ ಏರಿಸೋಕೆ ಹೋಗಿ ತಾನೇ ಗೆದ್ದುಬಿಟ್ಟ ಗೆಳೆಯನ ಕಥೆ.

ಪ್ರಶ್ನೆ: ಸೈಟ್ ಬಿಟ್ಟು ಹೊರಗೆ ನೇರವಾಗಿ ದುಡ್ಡು ಹಾಕಿದರೆ ಇನ್ನೂ ಕಡಿಮೆ ಮಾಡ್ತೀನಿ ಅಂತಾನೆ ಸೆಲ್ಲರ್. ಪರವಾಗಿಲ್ವಾ?

ಬೇಡ. ಸೈಟ್‌ನಲ್ಲಿ ಕೊಟ್ಟರೆ, ಬಂದ ಫೋನು ಹೇಳಿದ ಹಾಗಿಲ್ಲದಿದ್ದರೆ ಕೇಳೋಕೆ ಒಂದು ಜಾಗ ಇರುತ್ತೆ. ಹೊರಗೆ ಕೊಟ್ಟರೆ ಇರೋದು ಅವನ ನಂಬರ್ ಮಾತ್ರ, ಅದೂ ಸ್ವಿಚ್ ಆಫ್ ಆಗೋವರೆಗೆ.

ಪ್ರಶ್ನೆ: ಏಳೆಂಟು ವರ್ಷ ಹಳೇ ಫೋನಿಗೆ ‘ಬ್ಯಾಟರಿ ಹೆಲ್ತ್ 100%’ ಅಂತ ಹಾಕಿದ್ದಾರೆ. ಬಳಸದೇ ಇಟ್ಟಿದ್ದ ಫೋನು ಇರಬಹುದಾ?

ಇರಬಹುದು. ಆದರೆ ಲಿಥಿಯಂ ಬ್ಯಾಟರಿ ಬಳಸಿದರೂ ಸವೆಯುತ್ತೆ, ಪೆಟ್ಟಿಗೆಯಲ್ಲಿ ಸುಮ್ನೆ ಕೂತರೂ ನಿಧಾನಕ್ಕೆ ಸವೆಯುತ್ತೆ. ಏಳೆಂಟು ವರ್ಷದ ಮೂಲ ಬ್ಯಾಟರಿ ನೂರಕ್ಕೆ ನೂರು ಇರೋದು ಅಂದರೆ ತೊಂಬತ್ತು ದಾಟಿದ ಅಜ್ಜನಿಗೆ ಒಂದು ಕೂದಲೂ ಬೆಳ್ಳಗಾಗಿಲ್ಲ ಅಂದ ಹಾಗೆ. ಬಣ್ಣ ಹಚ್ಚಿರಬೇಕು ಅನ್ನೋದು ಮೊದಲ ಊಹೆ.

ಆ ಶೇಕಡಾ ಅಂಕಿಯನ್ನು ಫೋನಿಗೆ ಹೇಳೋದು ಬ್ಯಾಟರಿಯ ಜೊತೆಗಿರೋ ಪುಟ್ಟ ಚಿಪ್. ಅಗ್ಗದ ಬ್ಯಾಟರಿ ಹಾಕಿದವರು ಆ ಚಿಪ್‌ನಿಂದ ಬೇಕಾದ ಅಂಕಿ ಹೇಳಿಸಬಲ್ಲರು. ಐಫೋನ್‌ನಲ್ಲಿ ಬ್ಯಾಟರಿ ಹೆಲ್ತ್ ಕಾಣೋಕೆ ಶುರುವಾಗಿದ್ದೇ 2018ರಲ್ಲಿ, ಐಫೋನಿನ ಸಾಫ್ಟ್‌ವೇರ್ ಆದ ಐಓಎಸ್‌ನ 11.3 ಬಂದಾಗ. ಅದಕ್ಕೆ ಹಿಂದಿನ ಡಿಸೆಂಬರ್‌ನಲ್ಲಿ, ಹಳೇ ಬ್ಯಾಟರಿ ಇರೋ ಫೋನುಗಳ ವೇಗವನ್ನು ತಾನೇ ತಗ್ಗಿಸ್ತಿದ್ದೆ ಅಂತ ಆಪಲ್ ಒಪ್ಪಿಕೊಂಡು ದೊಡ್ಡ ಗಲಾಟೆ ಆಗಿತ್ತು. ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಆಮೇಲಿನವುಗಳಲ್ಲಿ ಕಂಪನಿಯದ್ದಲ್ಲದ ಬ್ಯಾಟರಿ ಇದ್ದರೆ, ಇದು ಅಸಲಿ ಅಂತ ಖಾತ್ರಿ ಮಾಡೋಕೆ ಆಗ್ತಿಲ್ಲ ಅನ್ನೋ ಸೂಚನೆ ಬರುತ್ತೆ. ಐಓಎಸ್ 15.2ರಿಂದ ಈಚೆಗೆ ಅಬೌಟ್ ಪುಟದಲ್ಲೇ ಯಾವ ಭಾಗ ಬದಲಾಗಿದೆ ಅಂತ ಬರೆದಿರುತ್ತೆ.

ಸುಮಾರು ಲೆಕ್ಕ ಬೇಕು ಅಂದರೆ, ಐಫೋನ್ 14ರವರೆಗಿನ ಬ್ಯಾಟರಿ 500 ಪೂರ್ತಿ ಚಾರ್ಜ್ ಸೈಕಲ್ ಆದ ಮೇಲೂ 80% ಉಳಿಯೋ ಹಾಗೆ, ಐಫೋನ್ 15ರಿಂದ ಮೇಲೆ 1000 ಸೈಕಲ್‌ಗೆ 80% ಉಳಿಯೋ ಹಾಗೆ ಮಾಡಿದ್ದು ಅಂತ ಆಪಲ್ ಹೇಳುತ್ತೆ. ದಿನಾ ಚಾರ್ಜ್ ಮಾಡೋವರಿಗೆ 500 ಅಂದರೆ ಒಂದೂವರೆ ಎರಡು ವರ್ಷ. ಹಾಗಾಗಿ ನನ್ನ ಪದ್ಧತಿ ಸುಲಭ: ಹಳೇ ಫೋನಿನ ಬ್ಯಾಟರಿ ಸತ್ತಿದೆ ಅಂತಲೇ ಲೆಕ್ಕ ಹಾಕಿ ಬಿಡ್ ಮಾಡೋದು. ಚೆನ್ನಾಗಿದ್ದರೆ ಅದು ಬೋನಸ್.

ಆಂಡ್ರಾಯ್ಡ್ ಕೊಳ್ಳೋವರು ಇದನ್ನೂ ಗಮನಿಸಿ. 2020ರ ಗೂಗಲ್ ಪಿಕ್ಸೆಲ್ 4ಎ ಹರಾಜುಗಳಲ್ಲಿ ಚೆನ್ನಾಗಿ ಓಡೋ ಫೋನು, ಚಿಕ್ಕದು, ಚೊಕ್ಕದು. ಆದರೆ 2025ರ ಜನವರಿಯಲ್ಲಿ ಗೂಗಲ್ ಅದಕ್ಕೆ ಒಂದು ಅಪ್‌ಡೇಟ್ ಕಳಿಸಿ, ಕೆಲವು ಫೋನುಗಳಲ್ಲಿ ಬ್ಯಾಟರಿ ಹಿಡಿಯೋ ಚಾರ್ಜನ್ನೇ ಕಡಿಮೆ ಮಾಡಿಬಿಟ್ಟಿತು. ಫೋನು ನೋಡೋಕೆ ಚೆನ್ನಾಗೇ ಇರುತ್ತೆ, ಆದರೆ ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ. ಕೊಳ್ಳೋ ಮಾಡೆಲ್‌ನ ಹೆಸರಿನ ಜೊತೆ ಬ್ಯಾಟರಿ ಅಂತ ಸೇರಿಸಿ ಒಂದು ಸಲ ಹುಡುಕಿದರೆ ಇಂಥದ್ದೆಲ್ಲ ಸಿಗುತ್ತೆ.

ಪ್ರಶ್ನೆ: ಫೋನು ಬಂತು, ಆನ್ ಮಾಡಿದರೆ ಯಾರದೋ ಇಮೇಲ್ ತೋರಿಸಿ ಪಾಸ್‌ವರ್ಡ್ ಕೇಳ್ತಿದೆ. ಸೆಲ್ಲರ್ ‘ಎರಡು ದಿನದಲ್ಲಿ ಕೋಡ್ ಕಳಿಸ್ತೀನಿ’ ಅಂತಿದ್ದಾನೆ. ಕಾಯಲಾ?

ಕಾಯಿರಿ, ಆದರೆ ರಿಟರ್ನ್ ರಿಕ್ವೆಸ್ಟ್ ಹಾಕಿ ಆಮೇಲೆ ಕಾಯಿರಿ.

ಇದು ಕಳ್ಳರನ್ನು ತಡೆಯೋಕೆ ಮಾಡಿದ ಬೀಗ. ಐಫೋನ್‌ಗೆ 2013ರಲ್ಲಿ ಐಓಎಸ್ 7ರ ಜೊತೆ ಬಂತು, ಆಂಡ್ರಾಯ್ಡ್‌ಗೆ 2015ರಲ್ಲಿ 5.1ರ ಜೊತೆ. ಹಿಂದಿನ ಮಾಲೀಕರು ತಮ್ಮ ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಬೀಗ ಹಾಗೇ ಉಳಿಯುತ್ತೆ. ಎಷ್ಟೋ ಸಲ ಬರೀ ಮರೆವು. ಐಫೋನ್ ಆದರೆ ಮಾಲೀಕರು ಫೋನ್ ಕೈಯಲ್ಲಿಲ್ಲದಿದ್ದರೂ ತಮ್ಮ ಐಕ್ಲೌಡ್ ಖಾತೆಯಿಂದ ಅದನ್ನು ತೆಗೆದುಹಾಕಬಹುದು. ಐದು ನಿಮಿಷದ ಕೆಲಸ, ಅದಕ್ಕೆ ಯಾವ ‘ಕೋಡ್’ ಕೂಡ ಬೇಡ. ಸೆಲ್ಲರ್ ಕೈಯಲ್ಲಿ ಅದು ಆಗ್ತಿಲ್ಲ ಅಂದರೆ ನಿಜವಾದ ಮಾಲೀಕ ಯಾರು ಅಂತ ಅವನಿಗೇ ಗೊತ್ತಿಲ್ಲ ಅಂತ ಅರ್ಥ. ದುಡ್ಡು ಕೊಟ್ಟರೆ ಬೀಗ ತೆಗೀತೀವಿ ಅನ್ನೋ ಸೈಟ್‌ಗಳಿಗೆ ಮಾತ್ರ ಹೋಗಬೇಡಿ, ಒಂದು ಗುಂಡಿಯಿಂದ ಎದ್ದು ಇನ್ನೊಂದಕ್ಕೆ ಬಿದ್ದ ಹಾಗಾಗುತ್ತೆ.

ಇದರ ಅಣ್ಣತಮ್ಮಂದಿರು ಇನ್ನಿಬ್ಬರಿದ್ದಾರೆ. ಕಂಪನಿಗಳು ನೌಕರರಿಗೆ ಕೊಟ್ಟಿದ್ದ ಫೋನು ಹರಾಜಿಗೆ ಬಂದಾಗ, ಕಂಪನಿಯ ನಿಯಂತ್ರಣ ಅದರಲ್ಲಿ ಉಳಿದಿರಬಹುದು. ಐಫೋನ್‌ನಲ್ಲಿ ಸೆಟ್ಟಿಂಗ್ಸ್ ತೆಗೆದ ತಕ್ಷಣ ಮೇಲ್ಗಡೆ, ಇದನ್ನು ಒಂದು ಸಂಸ್ಥೆ ನೋಡಿಕೊಳ್ತಿದೆ ಅಂತ ಬರುತ್ತೆ. ಇನ್ನೊಂದು ನೆಟ್‌ವರ್ಕ್ ಲಾಕ್, ಒಂದೇ ಕಂಪನಿಯ ಸಿಮ್‌ಗೆ ಕಟ್ಟಿಹಾಕಿದ್ದು. ಐಫೋನ್‌ನ ಅಬೌಟ್ ಪುಟದಲ್ಲಿ ಕ್ಯಾರಿಯರ್ ಲಾಕ್ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತ ಇರಬೇಕು.

ಐಎಂಇಐ, ಅಂದರೆ ಪ್ರತಿ ಫೋನಿಗೂ ಬೇರೆ ಬೇರೆ ಇರೋ ಗುರುತಿನ ನಂಬರ್ ಬಗ್ಗೆಯೂ ಹಲವರು ಕೇಳಿದ್ದೀರಿ. *#06# ಒತ್ತಿದರೆ 15 ಅಂಕೆಯ ನಂಬರ್ ಬರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಇರೋದು, ಕೆಲವು ಫೋನಿನ ಸಿಮ್ ಟ್ರೇ ಮೇಲೆ ಸೂಜಿಯ ಮೊನೆಯಲ್ಲಿ ಬರೆದ ಹಾಗೆ ಕೆತ್ತಿರೋದು, ಸೆಲ್ಲರ್ ಮೊದಲು ಕೊಟ್ಟಿದ್ದು, ಎಲ್ಲ ಒಂದೇ ಆಗಿರಬೇಕು. ಟ್ರೇ ಮೇಲಿನದು ಮಾತ್ರ ಬೇರೆ ಇದ್ದರೆ ಟ್ರೇ ಬದಲಾಗಿರಬಹುದು, ಅದು ದೊಡ್ಡ ವಿಷಯ ಅಲ್ಲ, ಆದರೆ ಫೋನನ್ನು ಯಾರೋ ಬಿಚ್ಚಿದ್ದಾರೆ ಅನ್ನೋ ಸುಳಿವು. ಕದ್ದ ಫೋನುಗಳ ಪಟ್ಟಿಯಲ್ಲಿ ಇದೆಯಾ ಅಂತ ಬಿಡ್ ಮಾಡೋಕೆ ಮುಂಚೆ ನೋಡಿ. ಒಂದು ಎಚ್ಚರ: ಇವತ್ತು ಪಟ್ಟಿಯಲ್ಲಿ ಇಲ್ಲದ ಫೋನು ನಾಳೆ ಸೇರಬಹುದು. ಕಂತು ಕಟ್ಟದೆ ಮಾರಿದವರು, ಮಾರಿದ ಮೇಲೆ ಕಳೆದುಹೋಯ್ತು ಅಂತ ವಿಮೆ ಕೇಳಿದವರು ಇರ್ತಾರೆ.

ಪ್ರಶ್ನೆ: ಹಿಂದಿನವರ ಫೋಟೋಗಳು ಫೋನಿನಲ್ಲೇ ಇವೆ. ಏನು ಮಾಡೋದು?

ನೋಡಬೇಡಿ. ಸೆಲ್ಲರ್‌ಗೆ ತಿಳಿಸಿ, ಫೋನ್ ಪೂರ್ತಿ ಅಳಿಸಿ. ಮತ್ತೆ ಇದೊಂದು ಮಾತು, ರೀಸೆಟ್ ಕೂಡ ಮಾಡದೆ ‘ರಿಫರ್ಬಿಶ್ಡ್’ ಅಂದವನು ಒಳಗೆ ಬೇರೆ ಏನು ಮಾಡಿರ್ತಾನೆ ಹೇಳಿ? ಉಳಿದ ಪರೀಕ್ಷೆಗಳನ್ನು ಇನ್ನೂ ಗಮನವಿಟ್ಟು ಮಾಡಿ.

ಪ್ರಶ್ನೆ: ಹಳೇದು ಅಂದರೆ ಎಷ್ಟು ಹಳೇದು ಪರವಾಗಿಲ್ಲ? ಅಮ್ಮನಿಗೆ ಕೊಡಿಸೋಕೆ. ಕರೆ, ವಾಟ್ಸ್ಯಾಪ್, ಬ್ಯಾಂಕ್ ಆ್ಯಪ್ ಇಷ್ಟು ನಡೆದರೆ ಸಾಕು.

‘ಇಷ್ಟು ನಡೆದರೆ ಸಾಕು’ ಅಂತೀರಲ್ಲ, ಹಳೇ ಫೋನಿನಲ್ಲಿ ಮೊದಲು ನಿಲ್ಲೋದೇ ಇವು ಮೂರು.

ಕ್ಯಾಮೆರಾ ಇನ್ನೂ ಹತ್ತು ವರ್ಷ ಫೋಟೋ ತೆಗೆಯುತ್ತೆ, ಆದರೆ ಸಾಫ್ಟ್‌ವೇರ್‌ಗೆ ಒಂದು ಕೊನೇ ದಿನ ಇರುತ್ತೆ. 2017ರ ಐಫೋನ್ 8 ಮತ್ತು ಎಕ್ಸ್ ಐಓಎಸ್ 16ಕ್ಕೇ ನಿಂತವು. 2025ರಲ್ಲಿ ಬಂದ ಐಓಎಸ್ 26 ಬೇಕು ಅಂದರೆ ಐಫೋನ್ 11 ಅಥವಾ ಅದಕ್ಕಿಂತ ಹೊಸದು ಇರಬೇಕು. 2025ರ ಮೇಯಿಂದ ವಾಟ್ಸ್ಯಾಪ್‌ಗೆ ಐಓಎಸ್ 15.1 ಆದರೂ ಬೇಕು, ಹಾಗಾಗಿ ಐಫೋನ್ 5ಎಸ್, 6, 6 ಪ್ಲಸ್ ಆಚೆ ಉಳಿದವು. ಹರಾಜಿನಲ್ಲಿ ಮಾತ್ರ ಅವು ಈಗಲೂ ಫಳಫಳ ಹೊಳೆಯೋ ಫೋಟೋ ಸಮೇತ ಸಿಗುತ್ತವೆ!

ಆಂಡ್ರಾಯ್ಡ್‌ನಲ್ಲಿ ಕಂಪನಿಗೊಂದು ಲೆಕ್ಕ. 2023ರ ಪಿಕ್ಸೆಲ್ 8ರಿಂದ ಗೂಗಲ್, 2024ರ ಗ್ಯಾಲಕ್ಸಿ ಎಸ್24ರಿಂದ ಸ್ಯಾಮ್‌ಸಂಗ್ 7 ವರ್ಷದ ಅಪ್‌ಡೇಟ್ ಮಾತು ಕೊಟ್ಟಿವೆ. ಅದಕ್ಕಿಂತ ಹಳೆಯವಕ್ಕೆ ಅಷ್ಟಿಲ್ಲ, ಅಗ್ಗದ ಮಾಡೆಲ್‌ಗಳಿಗಂತೂ ಇನ್ನೂ ಕಡಿಮೆ. ಎಣಿಸಬೇಕಾದದ್ದು ಫೋನು ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಇಲ್ಲಿ ತುಂಬ ಜನ ಎಡವುತ್ತಾರೆ. ಎಲ್‌ಜಿ ಫೋನುಗಳು ಅಗ್ಗಕ್ಕೆ ಸಿಗುತ್ತವೆ, ಕೆಲವಂತೂ ಒಳ್ಳೇ ಫೋನುಗಳೇ, ಆದರೆ ಆ ಕಂಪನಿ 2021ರಲ್ಲಿ ಫೋನ್ ವ್ಯವಹಾರವನ್ನೇ ಬಿಟ್ಟಿತು.

ಬ್ಯಾಂಕ್ ಆ್ಯಪ್‌ಗಳು ಇನ್ನೂ ಕಟ್ಟುನಿಟ್ಟು. ಸಾಫ್ಟ್‌ವೇರ್ ತಿದ್ದಿದ ಫೋನಿನಲ್ಲಿ ಎಷ್ಟೋ ಆ್ಯಪ್ ತೆರೆಯೋದೇ ಇಲ್ಲ. ಸ್ಯಾಮ್‌ಸಂಗ್‌ನಲ್ಲಿ ನಾಕ್ಸ್ ಅನ್ನೋ ಒಂದು ಗುರುತು ಇರುತ್ತೆ, ಹೊರಗಿನ ಸಾಫ್ಟ್‌ವೇರ್ ಹಾಕಿದರೆ ಅದು ಸೊನ್ನೆಯಿಂದ ಒಂದಕ್ಕೆ ಹೋಗುತ್ತೆ, ಮತ್ತೆ ಸೊನ್ನೆಗೆ ಬರೋದಿಲ್ಲ. ‘ಹೊಸ ಆಂಡ್ರಾಯ್ಡ್ ಹಾಕಿದ್ದೇವೆ’ ಅಂತ ಸೆಲ್ಲರ್ ಹೆಮ್ಮೆಯಿಂದ ಬರೆದಿದ್ದರೆ, ಹಾಕಿದ್ದು ಕಂಪನಿಯಾ ಅವನಾ ಅಂತ ಕೇಳಿ.

ಕರೆಯ ವಿಷಯ ಬಂದರೆ, ಹಲವು ದೇಶಗಳಲ್ಲಿ 2ಜಿ, 3ಜಿ ಮುಚ್ಚಿವೆ ಅಥವಾ ಮುಚ್ಚುತ್ತಿವೆ. ಅಂಥ ಕಡೆ ಮಾತಾಡೋಕೂ 4ಜಿ ಮೇಲೇ ಕರೆ ಹೋಗಬೇಕು. ಫೋನಿನಲ್ಲಿ 4ಜಿ ಇಂಟರ್ನೆಟ್ ಓಡ್ತಿದೆ ಅಂದ ಮಾತ್ರಕ್ಕೆ 4ಜಿ ಕರೆ ಹೋಗುತ್ತೆ ಅಂತಿಲ್ಲ, ಆ ಮಾಡೆಲ್‌ಗೆ ನಿಮ್ಮ ನೆಟ್‌ವರ್ಕ್‌ನ ಒಪ್ಪಿಗೆ ಇರಬೇಕು. ಬೇರೆ ದೇಶದಿಂದ ಬಂದ ಫೋನಿನಲ್ಲಿ ಈ ತೊಂದರೆ ಜಾಸ್ತಿ. ಅಮೆರಿಕದಲ್ಲಿ ಮಾರಿದ ಐಫೋನ್ 14ಕ್ಕೆ ಸಿಮ್ ಹಾಕೋ ಜಾಗವೇ ಇಲ್ಲ, ಬರೀ ಇಸಿಮ್, ಅಂದರೆ ಫೋನಿನೊಳಗೇ ಇರೋ ಸಿಮ್. ಜಪಾನಿನ ಎಷ್ಟೋ ಫೋನುಗಳಲ್ಲಿ ಕ್ಯಾಮೆರಾದ ಕ್ಲಿಕ್ ಸದ್ದು ನಿಲ್ಲಿಸೋಕೆ ಬರಲ್ಲ. ಅಮ್ಮನಿಗೆ ಸದ್ದಿನಿಂದ ತೊಂದರೆ ಇರಲಿಕ್ಕಿಲ್ಲ, ಸಿಮ್ ಇಲ್ಲದಿದ್ದರೆ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ಅಪ್‌ಡೇಟ್ ಇನ್ನೂ ಎರಡು ವರ್ಷವಾದರೂ ಉಳಿದಿರೋ ಮಧ್ಯಮ ದರ್ಜೆಯ ಫೋನು ನೋಡಿ. ಐದಾರು ವರ್ಷ ಹಿಂದಿನ ದುಬಾರಿ ಫೋನು ಕೈಯಲ್ಲಿ ಚೆಂದ ಕಾಣುತ್ತೆ ನಿಜ. ಆದರೆ ಒಂದು ಬೆಳಿಗ್ಗೆ ಬ್ಯಾಂಕ್ ಆ್ಯಪ್ ತೆರೆಯಲ್ಲ ಅಂದಾಗ ಅಮ್ಮ ಫೋನ್ ಮಾಡೋದು ನಿಮಗೇ.

ಪ್ರಶ್ನೆ: ಪಾರ್ಸಲ್ ನಾಳೆ ಬರುತ್ತೆ. ಮೊದಲ ದಿನ ಏನೇನು ನೋಡಬೇಕು?

ಇದಕ್ಕೆ ನನ್ನ ಕಥೆಯಿಂದಲೇ ಶುರು ಮಾಡ್ತೀನಿ. ಹರಾಜಿನಲ್ಲಿ ಗೆದ್ದ ಫೋನೊಂದು ಬಂತು. ಸ್ಕ್ರೀನ್ ಚೆಂದ, ಕ್ಯಾಮೆರಾ ಚೆಂದ, ಒಬ್ಬರಿಗೆ ಕರೆ ಮಾಡಿದೆ, ಚೆನ್ನಾಗಿ ಕೇಳಿಸ್ತು. ಸೆಲ್ಲರ್‌ಗೆ ಐದು ನಕ್ಷತ್ರ ಕೊಟ್ಟು ಮಲಗಿದೆ. ಮೂರು ವಾರ ಆದ ಮೇಲೆ ಅಡುಗೆ ಮಾಡ್ತಾ ಸ್ಪೀಕರ್ ಆನ್ ಮಾಡಿ ಮಾತಾಡಿದರೆ ಆ ಕಡೆಯವರು ‘ಹಲೋ, ಹಲೋ, ಇದ್ದೀರಾ?’ ಅಂತಲೇ ಇದ್ದಾರೆ. ಫೋನಿನಲ್ಲಿ ಒಂದಕ್ಕಿಂತ ಜಾಸ್ತಿ ಮೈಕ್ ಇರುತ್ತವೆ. ಕೆಳಗಿನದು ಮಾಮೂಲಿ ಕರೆಗೆ. ನನ್ನ ಫೋನಿನಲ್ಲಿ ಮೇಲಿನದು ಸತ್ತಿತ್ತು, ವಿಡಿಯೋ ಮಾಡಿದರೂ ಧ್ವನಿ ಇಲ್ಲ. ರಿಟರ್ನ್ ಅವಧಿ ಹಿಂದಿನ ವಾರವೇ ಮುಗಿದಿತ್ತು. ಸೆಲ್ಲರ್ ‘ನೀವೇ ಐದು ನಕ್ಷತ್ರ ಕೊಟ್ಟಿದ್ದೀರಲ್ಲ’ ಅಂದ. ಸರಿಯಾಗೇ ಅಂದ.

ಹಾಗಾಗಿ ನಕ್ಷತ್ರ ಕೊನೆಗೆ ಕೊಡಿ. ಪಾರ್ಸಲ್ ಬಿಚ್ಚುವಾಗಲೇ ವಿಡಿಯೋ ಮಾಡಿಕೊಳ್ಳಿ, ವಿಳಾಸದ ಚೀಟಿಯಿಂದ ಫೋನ್ ಆನ್ ಆಗೋವರೆಗೆ ಎಲ್ಲೂ ಕತ್ತರಿಸದೆ. ಡಬ್ಬಿ ತೆಗೆದ ಮೇಲೆ ಫೋನನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ನೋಡಿ. ಸ್ಕ್ರೀನ್ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಎದ್ದಿದ್ದರೆ ಒಳಗೆ ಬ್ಯಾಟರಿ ಉಬ್ಬಿರಬಹುದು, ಅದನ್ನು ಒತ್ತಿ ಕೂರಿಸೋಕೆ ಹೋಗಬೇಡಿ, ಚಾರ್ಜಿಗೂ ಹಾಕಬೇಡಿ. ಅಂಚಿನಲ್ಲಿ ಉಗುರು ಓಡಿಸಿದರೆ ಸಣ್ಣ ಗಾಯದ ಹಾಗೆ ಸಿಕ್ಕರೆ, ಬಿಚ್ಚೋಕೆ ಹಾಕಿದ ಉಪಕರಣದ ಗುರುತು ಅದು. ಸಿಮ್ ಟ್ರೇ ಹೊರಗೆ ತೆಗೆದು, ಇನ್ನೊಂದು ಫೋನಿನ ಟಾರ್ಚ್ ಹಿಡಿದು ಆ ಕಿಂಡಿಯೊಳಗೆ ನೋಡಿ. ಹಲವು ಫೋನುಗಳಲ್ಲಿ ಅಲ್ಲೊಂದು ಪುಟ್ಟ ಬಿಳಿ ಚುಕ್ಕೆ ಇರುತ್ತೆ. ಅದು ಕೆಂಪಾಗಿದ್ದರೆ ಫೋನು ನೀರು ಕುಡಿದಿದೆ.

ಆಮೇಲೆ ಆನ್ ಮಾಡಿ. ಪೂರ್ತಿ ಬಿಳಿ ಚಿತ್ರ, ಪೂರ್ತಿ ಬೂದು ಚಿತ್ರ ತೆರೆದು ನೋಡಿ. ಹಳೇ ಓಎಲ್‌ಇಡಿ (ಚುಕ್ಕೆ ಚುಕ್ಕೆಯೂ ತಾನೇ ಬೆಳಗೋ) ಸ್ಕ್ರೀನ್‌ನಲ್ಲಿ ಕೀಬೋರ್ಡಿನ ನೆರಳೋ, ಕೆಳಗಿನ ಬಟನ್‌ಗಳ ನೆರಳೋ ಹಚ್ಚೆ ಹಾಕಿದ ಹಾಗೆ ಉಳಿದಿರುತ್ತೆ, ಬಣ್ಣದ ಚಿತ್ರದಲ್ಲಿ ಅದು ಕಾಣೋದೇ ಇಲ್ಲ. ಓಎಲ್‌ಇಡಿ ಇರಬೇಕಾದ ಐಫೋನಿಗೆ ಅಗ್ಗದ ಎಲ್‌ಸಿಡಿ (ಹಿಂದಿನಿಂದ ಬೆಳಕು ಬಿಡೋ ಸ್ಕ್ರೀನ್) ಕೂರಿಸಿರೋದೂ ಉಂಟು. ಕತ್ತಲೆ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರ ಹಾಕಿ. ಓಎಲ್‌ಇಡಿ ಆದರೆ ಫೋನು ಆಫ್ ಆಗಿದೆಯೇನೋ ಅನ್ನಿಸುತ್ತೆ, ಎಲ್‌ಸಿಡಿ ಆದರೆ ಬೂದು ಬೆಳಕು ಸೋರ್ತಿರುತ್ತೆ. ಒಂದು ಐಕಾನ್ ಒತ್ತಿ ಹಿಡಿದು ಸ್ಕ್ರೀನಿನ ಮೂಲೆ ಮೂಲೆಗೆ ನಿಧಾನಕ್ಕೆ ಎಳೆದಾಡಿ, ಎಲ್ಲಾದರೂ ಕೈ ಜಾರಿದ ಹಾಗೆ ಬಿಟ್ಟುಹೋದರೆ ಅಲ್ಲಿ ಟಚ್ ಸತ್ತಿದೆ. ಹಲವು ಸ್ಯಾಮ್‌ಸಂಗ್ ಫೋನುಗಳಲ್ಲಿ *#0*# ಒತ್ತಿದರೆ ಇದಕ್ಕೆಲ್ಲ ಒಂದು ಪರೀಕ್ಷೆ ಮೆನು ಬರುತ್ತೆ, ಬಹಳ ಅನುಕೂಲ.

ಮೂರು ಥರದ ಕರೆ ಮಾಡಿ: ಕಿವಿಗಿಟ್ಟು, ಸ್ಪೀಕರ್‌ನಲ್ಲಿ, ವಿಡಿಯೋದಲ್ಲಿ. ಕಿವಿಗಿಟ್ಟಾಗ ಸ್ಕ್ರೀನ್ ಆರಬೇಕು. ಆರದಿದ್ದರೆ ನಿಮ್ಮ ಕೆನ್ನೆಯೇ ಕರೆ ಕಟ್ ಮಾಡುತ್ತೆ. ಹಿಂದಿನ ಮುಂದಿನ ಎರಡೂ ಕ್ಯಾಮೆರಾದಲ್ಲಿ ಒಂದೊಂದು ವಿಡಿಯೋ ಮಾಡಿ ಧ್ವನಿ ಕೇಳಿ. ಚಾರ್ಜರ್ ಪಿನ್ ಹಾಕಿ ಸ್ವಲ್ಪ ಅಲ್ಲಾಡಿಸಿ. ವೈಫೈ ಆಫ್ ಮಾಡಿ ಸಿಮ್‌ನಲ್ಲೇ ಒಂದು ಗಂಟೆ ಓಡಿಸಿ. ಸ್ಟೋರೇಜ್ ಬಗ್ಗೆ ಅನುಮಾನ ಇದ್ದರೆ ದೊಡ್ಡ ವಿಡಿಯೋಗಳನ್ನು ತುಂಬಿಸಿ ಮತ್ತೆ ತೆರೆದು ನೋಡಿ. ನಕಲಿ ಆಂಡ್ರಾಯ್ಡ್ ಫೋನುಗಳು ಸೆಟ್ಟಿಂಗ್ಸ್‌ನಲ್ಲಿ ದೊಡ್ಡ ಅಂಕಿ ತೋರಿಸುತ್ತವೆ, ಒಳಗೆ ಅದರ ಕಾಲುಭಾಗವೂ ಇರಲ್ಲ. ಇಷ್ಟೆಲ್ಲ ಆದ ಮೇಲೆ ಒಂದು ವಾರ ಅದನ್ನೇ ಮುಖ್ಯ ಫೋನಾಗಿ ಬಳಸಿ. ಪೆಟ್ಟಿಗೆಯಲ್ಲಿಟ್ಟರೆ ದೋಷ ಹೊರಗೆ ಬರಲ್ಲ.

ಪ್ರಶ್ನೆ: ‘ವಾಟರ್‌ಪ್ರೂಫ್, ಐಪಿ68’ ಅಂತ ಹಾಕಿದ್ದಾರೆ. ಮಳೆಯಲ್ಲಿ ಬಳಸಬಹುದಾ?

ಐಪಿ68 ಅನ್ನೋದು ನೀರು, ಧೂಳು ತಡೆಯೋ ದರ್ಜೆ, ಅದು ಫೋನು ಹೊಸದಾಗಿದ್ದಾಗಿನ ಮಾತು. ಒಳಗಿನ ಅಂಟು ವಯಸ್ಸಾದ ಹಾಗೆ ಸಡಿಲವಾಗುತ್ತೆ, ಒಮ್ಮೆ ಬಿಚ್ಚಿದ ಮೇಲಂತೂ ನಂಬೋಕೇ ಆಗಲ್ಲ. ಛತ್ರಿ ಹಿಡಿಯಿರಿ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ‘ಫಾರ್ ಪಾರ್ಟ್ಸ್, ನಾಟ್ ವರ್ಕಿಂಗ್’ ಅಂತ ಇರೋ ಫೋನುಗಳು ತೀರಾ ಅಗ್ಗಕ್ಕೆ ಹೋಗ್ತಿವೆ. ಒಂದನ್ನು ಕೊಂಡು ನಾನೇ ರಿಪೇರಿ ಮಾಡಿ ಕಲಿಯೋಣ ಅಂತಿದ್ದೀನಿ. ಹುಚ್ಚಾ?

ಹುಚ್ಚಲ್ಲ. ಈಬೇ 1995ರಲ್ಲಿ ಶುರುವಾದಾಗ ಅಲ್ಲಿ ಮೊದಲು ಮಾರಾಟವಾದ ವಸ್ತುವೇ ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. ಸೈಟ್ ಕಟ್ಟಿದ ಪಿಯರ್ ಒಮಿಡ್ಯಾರ್ ‘ಅದು ಕೆಟ್ಟಿದೆ, ಗೊತ್ತಲ್ವಾ?’ ಅಂತ ಕೇಳಿದರೆ, ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ನಾನು ಕೂಡಿಸ್ತೀನಿ ಅಂದನಂತೆ ಕೊಂಡವನು. ಕೆಟ್ಟಿದ್ದನ್ನು ಕೆಟ್ಟಿದೆ ಅಂತ ಗೊತ್ತಿದ್ದೇ ಕೊಂಡರೆ ಮೋಸ ಏನೂ ಇಲ್ಲ.

ಸ್ಕ್ರೀನ್ ಒಡೆದದ್ದು, ಬ್ಯಾಟರಿ ಸತ್ತದ್ದು, ಚಾರ್ಜಿಂಗ್ ಪಿನ್ ಸಡಿಲಾದದ್ದು, ಇವು ಕಲಿಯೋಕೆ ಒಳ್ಳೇವು. ಹಿಂದಿನವರ ಖಾತೆಯ ಬೀಗ (ಐಕ್ಲೌಡ್ ಲಾಕ್) ಇರೋದು, ನೀರಿಗೆ ಬಿದ್ದದ್ದು, ‘ಯಾಕೋ ಆನ್ ಆಗ್ತಿಲ್ಲ, ಚಿಕ್ಕ ಸಮಸ್ಯೆ ಇರಬೇಕು’ ಅಂತ ಬರೆದದ್ದು ಮುಟ್ಟಬೇಡಿ. ಚಿಕ್ಕ ಸಮಸ್ಯೆ ಆಗಿದ್ದರೆ ಅವನೇ ಸರಿಮಾಡಿ ಮೂರು ಪಟ್ಟು ಬೆಲೆಗೆ ಮಾರ್ತಿದ್ದ. ಐಫೋನ್ 7ರಲ್ಲಿ ವಾಯ್ಸ್ ಮೆಮೊ ಬಟನ್ ಬೂದಾಗಿ ಒತ್ತೋಕೇ ಬರ್ತಿಲ್ಲ ಅಂದರೆ ಅದು ಬೋರ್ಡಿನ ಮೇಲಿರೋ ಆಡಿಯೋ ಚಿಪ್‌ನ ತೊಂದರೆ, ಸೂಕ್ಷ್ಮದರ್ಶಕದ ಕೆಳಗೆ ಬೆಸುಗೆ ಹಾಕೋವರ ಕೆಲಸ, ಮೊದಲ ಫೋನಿಗೆ ಬೇಡ. ಒಂದೇ ಮಾಡೆಲ್‌ನ ಎರಡು ಕೊಂಡರೆ ಇನ್ನೂ ಒಳ್ಳೇದು, ಒಂದರ ಸ್ಕ್ರೀನು ಇನ್ನೊಂದಕ್ಕೆ ಆಗುತ್ತೆ. ಬಿಚ್ಚಿದ ಸ್ಕ್ರೂಗಳನ್ನು ಒಂದು ಹಾಳೆಯ ಮೇಲೆ ಫೋನಿನ ಚಿತ್ರ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲಲ್ಲೇ ಟೇಪ್ ಹಾಕಿ ಅಂಟಿಸಿ. ನೋಡೋಕೆ ಒಂದೇ ಥರ ಇರುತ್ತವೆ, ಆದರೆ ಉದ್ದ ಬೇರೆ ಬೇರೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಅದು ಬೋರ್ಡಿನೊಳಗೇ ಇಳಿಯುತ್ತೆ. ಬ್ಯಾಟರಿ ಎಬ್ಬಿಸೋಕೆ ಲೋಹದ ಉಪಕರಣ ಬೇಡ, ಪ್ಲಾಸ್ಟಿಕ್ ಕಾರ್ಡ್ ಸಾಕು. ಬಿಚ್ಚೋಕೆ ಮುಂಚೆ ಚಾರ್ಜನ್ನು ಕಾಲುಭಾಗಕ್ಕಿಂತ ಕೆಳಗೆ ಇಳಿಸಿಕೊಳ್ಳಿ. ಫೋನು ಎದ್ದು ಬಂತಾ ಇಲ್ವಾ ಅಂತ ಬರೆದು ತಿಳಿಸಿ.